ಉಗ್ಗುವ ಅಪ್ಪನ ಮಗಳು

ಕೋಲಾರ ಕೆಳಪೇಟೆ
ವೈಶಾಖದ ನಲವತ್ತೊಂದನೇ ದಿನ, ಇಸವಿ 2261

ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡಿರುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಬೇಸಿಗೆ ಹಿಗ್ಗಿದೆ, ಅದರ ಜೊತೆಗೆ ತಿಂಗಳನ್ನೂ ಹಿಗ್ಗಿಸಿಕೊಂಡಿದ್ದೇವೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಕೆಳಪೇಟೆ ಎಂದರೆ ಬಿಸಿಲು ತಾಳಲಾರದೆ ನಾವು ನೆಲದಡಿ ಕಟ್ಟಿಕೊಂಡ ಊರು. ಮೇಲಿನ ಹೊಲಗಳಲ್ಲಿ ಮುಂಜಾನೆ ಮಾತ್ರ ರಾಗಿಯ ಕೆಲಸ. ಗಾಳಿಯನ್ನು ಕೊಳವೆಗಳಲ್ಲಿ ಕೆಳಗಿಳಿಸಿಕೊಳ್ಳುತ್ತೇವೆ. ಆ ಕೊಳವೆಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಹಗಲೆಲ್ಲ ನಾನು ಹೊರಗಿದ್ದು, ಕೂಸು ಮಲಗಿದ ಮೇಲೆಯೇ ಮನೆ ಸೇರುವುದರಿಂದ ಮಗಳು ಹೊನ್ನಾರಿಯನ್ನು ಸಾಕುವುದು ನನ್ನ ಗಂಡ ಚೌಡಯ್ಯ.

ಚೌಡಯ್ಯ ಉಗ್ಗುತ್ತಾನೆ. ಚಿಕ್ಕಂದಿನಲ್ಲಿ ಜನ ಆಡಿಕೊಂಡಿದ್ದು ಅವನ ಮನಸ್ಸಿನಿಂದ ಹೋಗಿಲ್ಲ. ತನ್ನ ಉಗ್ಗು ಮಗಳಿಗೆ ಅಂಟಬಾರದೆಂದು ಅವಳೆದುರು ಬಾಯಿಯನ್ನೇ ಬಿಡುತ್ತಿರಲಿಲ್ಲ. ತೊಟ್ಟಿಲ ಪಕ್ಕ ನುಡಿಪೆಟ್ಟಿಗೆ ಇಟ್ಟಿದ್ದ. ಅದು ದಿನವಿಡೀ ಮಕ್ಕಳಿಗೆ ಸೊಗಸಾದ ಕನ್ನಡ ಕೇಳಿಸುವ ಯಂತ್ರ. ಎಂಟು ತಿಂಗಳಾದರೂ ಹೊನ್ನಾರಿ 'ಬಾ ಬಾ' ಎನ್ನಲಿಲ್ಲ. ಬರಬರುತ್ತಾ ಪೆಟ್ಟಿಗೆಯ ಕಡೆ ತಿರುಗುವುದನ್ನೂ ಬಿಟ್ಟಳು. ನನಗೆ ಊಟ ಸೇರದಾಯಿತು.

ಕೊನೆಗೆ ಮಾತುಸೂಲಗಿತ್ತಿ ಅಕ್ಕಾಯಮ್ಮನವರನ್ನು ಕರೆಸಿದೆವು. ಎಳೆಮಕ್ಕಳ ನುಡಿ ಬೆಳೆಸುವವರಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅವರು ಮಗುವನ್ನು ಪರೀಕ್ಷಿಸಿ, "ಕಿವಿ ಚೆನ್ನಾಗಿದೆ. ಆದರೆ ಇವಳು ಏನಂದರೂ ಈ ಪೆಟ್ಟಿಗೆ ಕೇಳಿಸಿಕೊಳ್ಳಲ್ಲ. ನೀನು ಮಾತಾಡಪ್ಪ," ಎಂದರು.

"ನಾ... ನಾನು ಉಗ್ಗ್ತೀನಲ್ಲಕ್ಕ."

"ಉಗ್ಗೇನು ನೆಗಡಿಯೇ, ಅಂಟೋದಕ್ಕೆ? ಕೈಯಲ್ಲಿ ಏನು ಮಾಡ್ತೀಯೋ ಅದನ್ನೇ ಹೇಳು. ಹೇಳಿ ಸುಮ್ಮನಿರು. ಅವಳ ಸರದಿ ಬರಲಿ."

ಮರುದಿನ ನಾನು ರಜೆ ಹಾಕಿದೆ. ಚೌಡಯ್ಯ ಒಲೆಯ ಮುಂದೆ ಮುದ್ದೆ ತಿರುವುತ್ತಾ, "ಇ... ಇದು ರಾಗಿಹಿಟ್ಟು ಮಗಳೇ, ಹ್ಯಾಗೆ ಕುದೀತಿದೆ ನೋಡು," ಎಂದ. ನಾಚಿಕೆಯಿಂದ ಬೆವರಿಹೋಗಿದ್ದ. ಹೊನ್ನಾರಿ ಮಾತ್ರ ಅವನ ಬಾಯನ್ನೇ ನೋಡುತ್ತಿದ್ದಳು. ಮಾತು ಸಿಕ್ಕಿಕೊಂಡಾಗಲೆಲ್ಲ ಅವನು ತಡೆಯಬೇಕಾಗುತ್ತಿತ್ತು. ಆ ತಡೆಯಲ್ಲೇ ಅವಳಿಗೆ ಜಾಗ ಸಿಕ್ಕಿತು. ಕೆಲವು ವಾರಗಳ ಮೇಲೆ ಅವನು ಮುದ್ದೆ ಎನ್ನಲು ಹೋಗಿ "ಮು... ಮು..." ಎಂದು ತಡವರಿಸುತ್ತಿದ್ದಾಗ, "ಮೂ!" ಎಂದು ಕಿರುಚಿದಳು.

"ಏ... ಏನಂದೆ ತಾಯಿ? ಇನ್ನೊಂದ್ಸಲ ಅನ್ನು!" ಎಂದು ಅವನು ಹಿಟ್ಟಿನ ಕೈಯಲ್ಲೇ ಅವಳನ್ನು ಎತ್ತಿಕೊಂಡು ಅತ್ತ.

ಅವನ ಉಗ್ಗು ಹೋಗಿಲ್ಲ, ಅವಳಿಗೆ ಬಂದೂ ಇಲ್ಲ. ಮೂರು ವರ್ಷದ ಹೊನ್ನಾರಿ ಈಗ ಓಣಿಯವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಾಳೆ.

ನಿಮ್ಮ ಕಾಲದಲ್ಲೂ ಕೂಸಿನೊಂದಿಗೆ ಮಾತಾಡಲು ನಾಚುವವರಿರಬಹುದು. ಅಂಥವರಿಗೆಂದೇ ಬರೆದೆ. ಒಳ್ಳೆಯ ಮಾತು ಹೊಳೆಯಲಿ ಎಂದು ಕಾಯಬೇಡಿ. ಬೇಳೆ ತೊಳೆಯುವುದನ್ನು ಹೇಳಿ, ಬಟ್ಟೆ ಮಡಿಸುವುದನ್ನು ಹೇಳಿ. ಕನ್ನಡ ನಮ್ಮ ತನಕ ಬಂದಿದೆ. ನಿಮ್ಮಂಥವರ ಬಾಯಿಂದಲೇ ಬಂದಿರಬೇಕು. ಮಡಿಲಲ್ಲಿ ಕೂಸು ಕಣ್ಣು ಬಿಟ್ಟರೆ ನನ್ನ ಕಾಗದವನ್ನು ಇಲ್ಲಿಗೇ ಮಡಚಿಡಿ. ಅದನ್ನು ಮಾತಾಡಿಸಿ.

ಇಂತಿ, ಇನ್ನೂ ಹುಟ್ಟದ
ನಾರೆಮ್ಮ