ಅಕ್ಟೋಬರ್‌ನಲ್ಲೂ ಬಿಡದ ಚಳಿ

ಅಂತನನರಿವೊ,
ಅಕ್ಟೋಬರ್ ಕೊನೆಯ ಭಾನುವಾರ

ಮುದ್ದಿನ ತಂಗಿ ವೋಹಿಗೆ,

ಗುಡ್ಡದ ಮೇಲಿನ ಹಿರಿಯರೇ, ತಗ್ಗಿನ ಕಿರಿಯರೇ, ನೆರೆದ ಸಮಸ್ತರೇ! ಮಾತಾಡುವ ಯೋಗ್ಯತೆ ನನಗಿಲ್ಲ, ಮನ್ನಿಸಿ. ಗುಡುಗಿದರೆ ಆಕಾಶದ ತಪ್ಪು, ನಡುಗಿದರೆ ನನ್ನ ತಪ್ಪು. ಮನೆತನದ ಗೋರಿಯ ಮುಂದೆ ನಿಂತು ನಮ್ಮ ಸೋದರಮಾವ ರಲೈಜೋನ ಭಾಷಣ ಶುರುಮಾಡುವುದು ಹೀಗೇ ಅಲ್ಲವೆ? ನೀನು ನಗಲಿ ಎಂದು ನಾನೂ ಹಾಗೇ ಶುರುಮಾಡಿದೆ.

ಇನ್ನು ಹವಾಮಾನ ವರದಿ. ಜುಲೈಯ ಜಿನುಗು ಹೋಯಿತು, ಆಗಸ್ಟಿನ ಕೊರೆತ ಹೋಯಿತು, ನಮ್ಮ ಚಳಿಗಾಲ ಮುಗಿಯಿತು. ಕೆರೆಯ ಸುತ್ತ ಜಕರಂದ ಹೂಬಿಟ್ಟು ನೇರಳೆಗಟ್ಟಿದೆ. ಗುಡ್ಡಗಳ ಹುಲ್ಲಿಗೆ ಬೆಂಕಿ ಹಾಕಿದ್ದಾರೆ. ಹೊಗೆಯಲ್ಲಿ ಸೂರ್ಯ ಬೆಂದ ಗೆಣಸಿನ ಹಾಗೆ ಕಾಣುತ್ತಾನೆ. ಊರಿಗೆಲ್ಲ ಬೆವರು, ನನಗೊಬ್ಬಳಿಗೆ ನಡುಕ. ಕಂಬಳಿಗಳ ಒಳಗೆ ಕೂತಿದ್ದೇನೆ. ಪಕ್ಕದ ಮನೆಯ ಬಾವೊ, "ಏನಕ್ಕಾ, ಮಾರೋಕಿಟ್ಟಿರೋದು ಕಂಬಳೀನೋ, ನಿನ್ನನ್ನೋ?" ಎಂದು ಹಂಗಿಸಿದಳು. ಆಮೇಲೆ ನನ್ನ ಕೈ ಮುಟ್ಟಿದಳು. ನಗು ನಿಂತಿತು. ಅಂಗೈ ಉಜ್ಜಿಕೊಳ್ಳುತ್ತ ಎದ್ದುಹೋದಳು.

ಸೆಪ್ಟೆಂಬರ್‌ನ ಆ ದಿನ ನೆನಪಿದೆಯಲ್ಲ? ಅಮ್ಮ ಕನಸಿಗೆ ಬಂದು ಚಳಿ ಎಂದಳೆಂದು ನಮ್ಮ ಪದ್ಧತಿಯಂತೆ ಗೋರಿ ತೆಗೆಸಿ, ಅವಳಿಗೆ ಹೊಸ ರೇಷ್ಮೆ ಹೊದಿಸಿದೆವು. ಮಧ್ಯಾಹ್ನ ಸುಡುವ ಬಿಸಿಲು. ಅಮ್ಮನ ಎಲುಬುಗಳನ್ನು ತೊಡೆಯ ಮೇಲಿಟ್ಟುಕೊಳ್ಳುವಾಗ ನನ್ನ ಶಾಲು ತೆಗೆದು ಅವಳ ಕೆಳಗೆ ಹಾಸಿದೆ. ಪಕ್ಕದಲ್ಲಿ ನಿನ್ನ ಪುಟ್ಟ ಮಗಳು ಫಿತಿಯಾ ನನ್ನ ತೊಡೆಯ ಮೇಲಿದ್ದ ಅಜ್ಜಿಯ ಜೊತೆ ಹರಟುತ್ತಿದ್ದಳು. ಬ್ಯಾಂಡು, ಕುಣಿತ. ಇದ್ದಕ್ಕಿದ್ದಂತೆ ಗುಡ್ಡದ ನೆರಳು ಬಿತ್ತು, ಗಾಳಿ ಕೊರೆಯಿತು. "ಹೊತ್ತು ಮುಳುಗೋದ್ರೊಳಗೆ ಗೋರಿ ಬಾಗ್ಲು ಮುಚ್ಬೇಕು, ಬೇಗ ಕಟ್ರೇ!" ಎಂದು ಮಾವ ಕೂಗಿದ. ಕಟ್ಟಿದೆವು. ನನ್ನ ಶಾಲೂ ಗಂಟಿನೊಳಗೇ ಹೋಯಿತು. ಬದುಕಿರುವವಳ ಬಟ್ಟೆ, ಸತ್ತವರ ನಡುವೆ.

ಈಗ ಅಮ್ಮ ಮತ್ತೆ ಕನಸಿಗೆ ಬರುತ್ತಾಳೆ. ಬೈಯುವುದಿಲ್ಲ. "ಚಳಿ ಬಿಡ್ತು ಕಣೇ. ನಿನ್ನ ಶಾಲು ಎಷ್ಟು ಬೆಚ್ಚಗಿದೆ! ಪಕ್ಕದಲ್ಲಿ ಜಾಗ ಮಾಡಿದೀನಿ," ಎನ್ನುತ್ತಾಳೆ.

ಗೋರಿ ತೆಗೆಸೋಣವೆಂದು ಮಾವನನ್ನು ಬೇಡಿಕೊಂಡೆ. "ಚಳಿಗಾಲ ಮುಗೀತು ತಾಯಿ, ಇನ್ನು ಬಾಗ್ಲು ಮುಟ್ಟೋ ಹಾಗಿಲ್ಲ. ಮುಂದಿನ ವರ್ಷ ನೋಡಣ. ಅಲ್ಲೀವರ್ಗೂ ಮಾತ್ರೆ ನುಂಗು," ಎಂದ. ಮುಂದಿನ ವರ್ಷ ನಾನು ಬಾಗಿಲಿನ ಯಾವ ಕಡೆ ಇರುತ್ತೇನೋ! ಮಧ್ಯಾಹ್ನವಾದರೆ ಮೋಡ ಕಟ್ಟುತ್ತಿದೆ. ಮೊದಲ ಮಳೆ ಬಿದ್ದರೆ ಮಾವ ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. ಅದಕ್ಕೆ ಮೊದಲೇ ಬಾ. ನೀನು ಅತ್ತರೆ ಅವನು ಕರಗುತ್ತಾನೆ.

ಸಾಕು ಈ ನಾಟಕ. ನಾನು ಕರೆಯುತ್ತಿರುವುದು ನನಗಾಗಿ ಅಲ್ಲ, ವೋಹಿ.

ನಿನ್ನ ಅಕ್ಕ,
ಹರಿಸುವಾ

ತಾ.ಕ.: ನಿಮ್ಮ ಆ ಕರಾವಳಿಯ ಸೆಕೆಯಲ್ಲೂ ಫಿತಿಯಾ ನಡುಗುತ್ತಾಳೆ, ರಕ್ತಪರೀಕ್ಷೆಯಲ್ಲಿ ಮಲೇರಿಯಾ ಕಾಣಲಿಲ್ಲ ಎಂದು ನೀನು ಬರೆದಿದ್ದೆ. ಆ ದಿನ ಅವಳ ಹಳದಿ ಸ್ವೆಟರ್ ಕಳೆದದ್ದು, ನೀನು ಅಂದುಕೊಂಡಂತೆ, ವಾಪಸು ಹೋಗುವ ಬಸ್ಸಿನಲ್ಲಲ್ಲ. ನಿನ್ನೆ ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಕನಸಿಗೆ ಬಂದಿದ್ದಳು. "ಮಗು ಹೊದಿಸಿದ್ದು. ನಂಗೆ ಚಿಕ್ಕದಾಗತ್ತೆ. ಅವಳನ್ನೇ ಕಳ್ಸು," ಎಂದಳು.