ಅರಮನೆ ತೋರಿಸಿದ ಮಗಳಿಗೆ

ದಿಬ್ಬೂರಹಳ್ಳಿ
19 ನವೆಂಬರ್ 2025, ಬುಧವಾರ

ಚಿ. ಬಿಂದುಶ್ರೀಗೆ,

ಆಶೀರ್ವಾದವನ್ನು ಕಾಗದದ ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಕೋಪ. ಫೋನಿನಲ್ಲಿ ಬೈಯೋಣವೆಂದರೆ ನೀನು "ಆಮೇಲ್ ಮಾಡ್ತೀನಮ್ಮ, ಅಂಗಡೀಲಿ ಕಸ್ಟಮರ್ ಬಂದ್ರು" ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಹತ್ತನೇ ಕ್ಲಾಸು ಪಾಸಾದವಳು ನಾನು, ಮನಸ್ಸಿನಲ್ಲಿರುವುದನ್ನು ಬರೆಯುವಷ್ಟು ಕನ್ನಡ ಇದೆ. ಕೂತುಕೊಂಡು ಪೂರ್ತಿ ಓದು.

ರೇಷ್ಮೆ ಹುಳು ಸಾಕುವವರಿಗೆ ರಜೆ ಅಂದರೆ ಏನೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿದ ಮೇಲೆ ಹುಳದ ಮನೆ ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು, ಬಾಗಿಲು ಹಾಕುತ್ತೇವೆ. ಮುಂದಿನ ಮರಿಹುಳು ಬರುವವರೆಗೆ ಸಿಗುವ ಆ ನಾಲ್ಕು ದಿನದಲ್ಲೇ ಸೊಂಟ ನೆಟ್ಟಗೆ ಮಾಡಿಕೊಳ್ಳಬೇಕು, ಡಾಕ್ಟರ ಹತ್ತಿರ ಹೋಗಬೇಕು, ನೆಂಟರಿಷ್ಟರ ಕಷ್ಟಸುಖ ಕೇಳಿ ಬರಬೇಕು. ಈ ಸಲ ಅದೆಲ್ಲ ಬಿಟ್ಟು ಭಾನುವಾರವನ್ನು ನಿನಗೆ ಎತ್ತಿಟ್ಟೆ. ನಿನ್ನ ಮನೆಗೆ ಬರ್ತೀನಿ ಕಣೇ, ನಿನ್ನ ಕೈಯಡಿಗೆ ಉಂಡು ಹೋಗ್ತೀನಿ ಅಂತ ಹೇಳಿದ್ದೆ.

ಅದಕ್ಕೆ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಅಳಿಸಿಲ್ಲ, ಇಟ್ಟುಕೊಂಡಿದ್ದೇನೆ. ಒಂದು ದಿನ ಬಿಡುವಾದರೆ ಮೈಸೂರನ್ನು ಯಾಕೆ ನೋಡಬೇಕು ಅಂತ ಎಷ್ಟೊಂದು ಕಾರಣ ಕೊಟ್ಟಿದ್ದೀಯ. ಹೆಂಗಸರಿಗೆ ಬಸ್ಸು ಫ್ರೀ, ಆಧಾರ್ ಕಾರ್ಡಿದ್ದರೆ ಸಾಕು. ಅರಮನೆಯಂಥ ಅರಮನೆ ಎಲ್ಲೂ ಇಲ್ಲ. ಬೆಟ್ಟದ ಮೇಲಿನ ನಂದಿ ನೋಡದಿದ್ದರೆ ಜನ್ಮ ವ್ಯರ್ಥ. ಭಾನುವಾರ ಸಂಜೆ ಅರಮನೆಗೆ ದೀಪ ಹಾಕುತ್ತಾರೆ. ಎಲ್ಲ ಇತ್ತು, ಮನೆ ಅನ್ನುವ ಮಾತೊಂದು ಇರಲಿಲ್ಲ.

ಬಂದೆನಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು, ನಿಪ್ಪಟ್ಟು, ಹುರಿದ ಅವರೆಕಾಳು, ರಾಗಿಹಿಟ್ಟು ಚೀಲಕ್ಕೆ ತುಂಬಿ, ಎರಡು ಬಸ್ಸು ಬದಲಾಯಿಸಿ ಬಂದೆ. ನೀನು ಬಸ್ ಸ್ಟ್ಯಾಂಡಿನಿಂದಲೇ ನನ್ನನ್ನು ಎಳೆದುಕೊಂಡು ಹೊರಟೆ. ಅರಮನೆಯಲ್ಲಿ ಚಪ್ಪಲಿ ಬಿಡಿಸಿದೆ, ಬಿಸಿಲಿಗೆ ಕಾಯ್ದ ಕಲ್ಲಿನ ಮೇಲೆ ನಡೆಸಿದೆ. ಕಂಬ ನೋಡಮ್ಮ, ಗಾಜು ನೋಡಮ್ಮ, ಅಂಬಾರಿ ನೋಡಮ್ಮ ಅಂದೆ. ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಯಾರೋ ಕಟ್ಟಿದ ಮನೆಯ ಕಂಬ ನೋಡಲು ನಾನು ಬಂದಿರಲಿಲ್ಲ. ಇನ್ನು ಆ ನಂದಿ. ನಂದಿ ಬೆಟ್ಟದ ಜಿಲ್ಲೆಯವಳು ನಂದಿ ನೋಡುವುದಕ್ಕೆ ಮೈಸೂರಿಗೆ ಬರಬೇಕೇನೇ?

ಹೋಟೆಲಿನಲ್ಲಿ ನನಗೆ ದೋಸೆ ತಿನ್ನಿಸಿ ನೀನು ಅರ್ಧ ಬಿಟ್ಟೆ. ಹುಳು ಸೊಪ್ಪು ಬಿಟ್ಟರೆ ತಟ್ಟೆಯ ಹತ್ತಿರ ಬಗ್ಗುವ ಮೊದಲೇ ನನಗೆ ತಿಳಿಯುತ್ತದೆ, ಹೆತ್ತ ಮಗಳು ತಟ್ಟೆ ತಳ್ಳಿದರೆ ತಿಳಿಯುವುದಿಲ್ಲವಾ? ಅಳಿಯಂದಿರು ಎಲ್ಲಿ ಅಂದರೆ ಮುರಳಿಮೋಹನ್ ಟೂರ್ ಮೇಲೆ ಹೋಗಿದ್ದಾರೆ ಅಂದೆ. ಅತ್ತೆ ಎಲ್ಲಿ ಅಂದರೆ ನೆಂಟರ ಮನೆ, ಬಾಗಿಲಿಗೆ ಬೀಗ ಹಾಕಿದೆ ಅಂದೆ. ನಿನ್ನ ಮನೆಯ ಬೀಗದಕೈ ನಿನ್ನ ಹತ್ತಿರ ಇಲ್ಲವಾ ಅಂತ ಕೇಳಿದೆ. "ಲೇಟಾಗುತ್ತೆ ಬಾಮ್ಮ, ನಿಂಗೆ ಬಸ್ ತಪ್ಪೋಗುತ್ತೆ" ಅಂತ ಎದ್ದುಬಿಟ್ಟೆ.

ಆಮೇಲೆ ಆ ಗಾಜಿನ ಬಾಗಿಲಿನ ಸೀರೆ ಅಂಗಡಿ. ಒಂದು ಹುಡುಗಿ ಬಂದು ಇದು ಪ್ಯೂರ್ ಸಿಲ್ಕ್ ಅಮ್ಮ, ಮುಟ್ಟಿ ನೋಡಿ ಅಂತ ನನಗೆ ರೇಷ್ಮೆ ಅಂದರೆ ಏನೆಂದು ಹೇಳಿಕೊಟ್ಟಳು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ನಾನು ನೋಡುತ್ತಿದ್ದುದು ಸೆರಗು ಬಿಡಿಸುತ್ತಿದ್ದ ನಿನ್ನ ಕೈಯನ್ನು. ಕಿರುಬೆರಳು ಸೊಟ್ಟಗಾಗಿ ನಿಂತಿತ್ತು. ಏನಾಯಿತೇ ಅಂದರೆ ಗ್ರೈಂಡರ್ ಮುಚ್ಚಳಕ್ಕೆ ಸಿಕ್ಕಿತು ಅಂದೆ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಕೊನೆಗೆ ದೀಪ ಹಾಕುವುದಕ್ಕೂ ಮುಂಚೆಯೇ ಬೆಂಗಳೂರು ಬಸ್ಸು ಹತ್ತಿಸಿ, ಕಿಟಕಿಯಲ್ಲಿ ಬಾಳೆಹಣ್ಣು ಕೊಟ್ಟು ಕೈ ಬೀಸಿದೆ. ಹುಳದ ಮನೆಗೆ ಹೊರಗಿನವರು ಬಂದರೆ ಸೋಂಕು ತಗಲುತ್ತದೆ ಅಂತ ನಾನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸುತ್ತೇನಲ್ಲ, ಹಾಗೆ ನೀನು ನನ್ನನ್ನು ಮಾತಾಡಿಸಿ ಕಳಿಸಿದೆ.

ಈಗ ಗಟ್ಟಿಯಾಗಿ ಕೂತುಕೋ. ನಾನು ಆ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಲಿಲ್ಲ. ಮೊದಲನೇ ಸ್ಟಾಪಿನಲ್ಲೇ ಇಳಿದೆ. ಕಂಡಕ್ಟರ್ ಬೈದ, ಬೈಯಲಿ. ಮದುವೆಯಾದಾಗ ನಿನ್ನನ್ನು ಬಿಡಲು ಬಂದಿದ್ದೆನಲ್ಲ, ದಾರಿ ಮರೆತಿರಲಿಲ್ಲ. ನೀರಿನ ಟ್ಯಾಂಕಿನ ಎದುರು ಅಂದೆ, ಆಟೋದವನು ಕರೆದುಕೊಂಡು ಹೋಗಿ ಬಿಟ್ಟ.

ಬೀಗ ಇರಲಿಲ್ಲ. ನಿನ್ನ ಅತ್ತೆ ಗೇಟಿನ ಒಳಗೆ ಗಿಡಕ್ಕೆ ನೀರು ಹಾಕುತ್ತಿದ್ದರು. "ಏನ್ರೀ, ನಿಮ್ ಮಗಳು ನಿಮ್ಮನೇಲಿಲ್ವಾ? ದಸರಾಗೂ ಮುಂಚೆ ಹೋದೋಳು. ಬುದ್ಧಿ ಹೇಳಿ ಕಳಿಸ್ಕೊಡಿ, ಬೀದೀಲಿ ತಲೆ ಎತ್ಕೊಂಡು ಓಡಾಡೋಕಾಗ್ತಿಲ್ಲ" ಅಂದರು. ಟೂರ್‌ನಲ್ಲಿದ್ದ ಮುರಳಿಮೋಹನ್ ಕಿಟಕಿಯ ಹಿಂದೆ ಫೋನ್ ಹಿಡಿದುಕೊಂಡು ನಿಂತಿದ್ದ. ಹೊರಗೆ ಬರಲಿಲ್ಲ. ಗೇಟನ್ನು ಅವರೂ ತೆಗೆಯಲಿಲ್ಲ. ಒಂದೇ ದಿನದಲ್ಲಿ ಎರಡು ಸಲ ಹೊರಗೆ ನಿಂತೆ ಕಣೇ ನಾನು.

ಬೀದಿಯಲ್ಲಿ ಏನು ಮಾಡಬೇಕೋ ತಿಳಿಯದೆ ನಿಂತಿದ್ದಾಗ ಎದುರು ಮನೆಯಾಕೆ ಬಂದು "ಏ ಊರಮ್ಮಾ ಮೀದಿ?" ಅಂತ ತೆಲುಗಿನಲ್ಲಿ ಊರು ಕೇಳಿದರು. ಅಕ್ಕಯಮ್ಮ, ಚಿಂತಾಮಣಿಯವರು. ನನ್ನ ಮಾತು ಕೇಳಿಯೇ ನಮ್ಮ ಕಡೆಯವಳೆಂದು ಗುರುತು ಹಿಡಿದರಂತೆ. ಒಳಗೆ ಕರೆದು ನೀರು ಕೊಟ್ಟು ಹೇಳಿದರು. "ನಿಮ್ ಹುಡ್ಗಿ ಬಾಗ್ಲ ಸಂದೀಲಿ ಕೈ ಇಟ್ಟಿತ್ತಮ್ಮ. ಅವ್ನು ನೋಡ್ಕೊಂಡೇ ಬಾಗ್ಲು ದೂಡ್ದ. ನಾನು ಕಣ್ಣಾರೆ ಕಂಡೆ. ಆಸ್ಪತ್ರೆಗೂ ನಾನೇ ಕರ್ಕೊಂಡ್ ಹೋದೆ, ಹಾಸ್ಟೆಲ್ನೂ ನಾನೇ ನೋಡ್ಕೊಟ್ಟೆ. ಮನೆಗ್ ಹೇಳು ಅಂದ್ರೆ ಬೇಡ ಅಂತ ಅಳ್ತಿತ್ತು."

ಅವನ ಮೇಲೆ ನನಗಿರುವ ಕೋಪವನ್ನು ಕಾಗದದಲ್ಲಿ ಬರೆಯುವುದಿಲ್ಲ. ಅದನ್ನು ಅವನಿಗೇ ಮುಟ್ಟಿಸುತ್ತೇನೆ. ಇದು ನಿನ್ನ ಮೇಲಿನ ಕೋಪ. ಎದುರು ಮನೆಯ ಅಕ್ಕಯಮ್ಮನಿಗೆ ಹೇಳಿದ್ದನ್ನು ನನಗೆ ಯಾಕೆ ಹೇಳಲಿಲ್ಲ? ಮುರಿದ ಬೆರಳಿಟ್ಟುಕೊಂಡು ಫೋನಿನಲ್ಲಿ ಊಟ ಆಯ್ತಾ ಅಮ್ಮ, ಹುಳು ಹೇಗಿವೆ ಅಮ್ಮ ಅಂತ ಕೇಳುತ್ತಿದ್ದೆಯಲ್ಲ, ನಿನಗೆ ಹೇಗೆ ಮನಸ್ಸು ಬಂತು? ಹೊಂದಿಕೊಂಡು ಹೋಗು ಅಂತ ನಾನು ಹೇಳುತ್ತೇನೆ ಅಂದುಕೊಂಡೆಯಾ? ಆ ಮಾತು ನನ್ನ ಬಾಯಲ್ಲಿ ಯಾವತ್ತು ಕೇಳಿದ್ದೀಯ? ಅಮ್ಮನಿಗೆ ನೋವಾಗುತ್ತದೆ ಅಂತ ಮುಚ್ಚಿಟ್ಟೆ ಅನ್ನಬೇಡ. ನೋವಾಗಲಿ, ಅದಕ್ಕೇ ಇರುವವಳು ನಾನು. ಊರೆಲ್ಲ ತಿರುಗಿಸಿ, ಅವರಿವರ ಸಿಂಹಾಸನ ತೋರಿಸಿ, ಸುಳ್ಳು ನಗು ನಕ್ಕು ಕಳಿಸಿದರೆ ನೋವು ಕಡಿಮೆಯಾಗುತ್ತದಾ?

ಮೇಲೆ ಬರೀ ಚಿ. ಅಂತ ಬರೆದಿದ್ದೇನೆ. ಮದುವೆಯಾದ ಮೇಲೆ ಪಕ್ಕದಲ್ಲಿ ಬರೆಯುತ್ತಿದ್ದ ಸೌ. ಅನ್ನು ಬೇಕೆಂದೇ ಬಿಟ್ಟಿದ್ದೇನೆ. ಆ ಮನೆಗೆ ನೀನು ಮತ್ತೆ ಕಾಲಿಡಬೇಡ. ಅವರು ಕರೆಯಲಿ, ಹಿರಿಯರನ್ನು ಕಳಿಸಲಿ, ಕಾಲಿಗೇ ಬೀಳಲಿ, ಹೋಗಬೇಡ. ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ. ಇನ್ನೂ ಹೇಳಿಲ್ಲ, ಸೋಮವಾರ ಬೆಳಿಗ್ಗೆ ಬಂದವಳು ಬಸ್ಸು ಕೆಟ್ಟು ನಿಂತಿತ್ತು ಅಂದಿದ್ದೇನೆ. ನೋಡು, ನಿನ್ನ ಸುಳ್ಳು ನನಗೂ ಅಂಟಿತು. ನಿನ್ನ ಕೆಲಸ ಬಿಡಬೇಡ. ಇಲ್ಲಿಗೆ ಬರಬೇಕು ಅನ್ನಿಸಿದ ದಿನ ಬಾ, ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಹುಳು ಇದ್ದಾಗಲೇ ಬಂದರೂ ಒಳಗೆ ಬಾ. ಸೋಂಕಾದರೆ ಆಗಲಿ.

ಕೊನೆಗಿಟ್ಟಿದ್ದ ಆಶೀರ್ವಾದ ಇಗೋ. ನಿನ್ನ ಬೀಗದಕೈ ಯಾವತ್ತೂ ನಿನ್ನ ಕೈಯಲ್ಲೇ ಇರಲಿ.

ಇನ್ನೂ ಕೋಪದಲ್ಲಿರುವ,
ನಿನ್ನ ಅಮ್ಮ
ಲಕ್ಷ್ಮೀನರಸಮ್ಮ

ತಾ.ಕ.: ಕಾಗದ ಹಾಸ್ಟೆಲಿಗೇ ಬಂತಲ್ಲ, ವಿಳಾಸ ಅಕ್ಕಯಮ್ಮ ಕೊಟ್ಟಿದ್ದು. ಅಂದು ಸಂಜೆ ನಾನು ಅಲ್ಲಿಗೂ ಬಂದಿದ್ದೆ. ನಾಲ್ಕು ಮಾತು ಬೈದು ಹೋಗೋಣ ಅಂತಲೇ ಬಂದೆ. ನೀನು ಮೆಟ್ಟಿಲ ಮೇಲೆ, ಟ್ಯೂಬ್‌ಲೈಟಿನ ಕೆಳಗೆ ಕೂತು ಹಾಸ್ಟೆಲಿನ ಹುಡುಗಿಯರಿಗೆ ನನ್ನ ನಿಪ್ಪಟ್ಟು ಮುರಿದು ಹಂಚುತ್ತಿದ್ದೆ. ಯಾರೋ ಏನೋ ಅಂದರು, ನೀನು ತಲೆ ಹಿಂದಕ್ಕೆ ಹಾಕಿ ನಕ್ಕೆ. ಮದುವೆಗೆ ಮುಂಚೆ ನಗುತ್ತಿದ್ದೆಯಲ್ಲ, ಹಾಗೆ. ಅದಕ್ಕೇ ರಸ್ತೆ ದಾಟದೆ ಬಸ್ ಸ್ಟ್ಯಾಂಡಿಗೆ ಹೋದೆ. ಮೈಸೂರಿನಲ್ಲಿ ನೋಡಲೇಬೇಕಾದದ್ದು ಅದೊಂದಿತ್ತು, ಅದನ್ನೇ ನೀನು ನನಗೆ ದಿನವಿಡೀ ತೋರಿಸಲಿಲ್ಲ. ಎಲ್ಲಕ್ಕಿಂತ ಹೆಚ್ಚಿನ ಕೋಪ ಅದಕ್ಕೆ.