ಓಟದ ದಿನ ಹೊಲಿದ ತೋಳು

ಏಪ್ರಿಲ್ 3, ಸಂಜೆ

ಇಂದೂ ಟೋಪಿಗಳೇ. ಆವಿಗೆ ಹಿಡಿದು ಹಿಡಿದು ಬೆರಳೆಲ್ಲ ಬೆಂದ ಬದನೆಕಾಯಿ. ದೊಡ್ಡ ಕುದುರೆ ಓಟಕ್ಕೆ ಇನ್ನೊಂದು ವಾರ. ವರ್ಷಕ್ಕೊಮ್ಮೆ ದೇಶದ ಹೆಂಗಸರಿಗೆಲ್ಲ ತಲೆಯ ಮೇಲೆ ಗರಿ ಬೇಕು. ಗಂಡಸರೂ ಕಮ್ಮಿಯಿಲ್ಲ.

"ಬೇಗ ಮುಗಿಸಪ್ಪಾ, ಊರಿಗೆಲ್ಲ ಟೋಪಿ ಹಾಕೋನು ನೀನೇ," ಎಂದಳು ಅಂಗಡಿಯ ಒಡತಿ.

ಬಿಡುತ್ತೇನೆಯೇ? "ಈ ಸಲ ಓಟದಲ್ಲಿ ಕುದುರೆ ಏರೋಳು ನಮ್ಮಕ್ಕನ ಮಗಳು. ಸವಾರಿ ಕಲಿಸಿದ್ದು ಈ ಮಾಮ," ಎಂದೆ.

ಕಲಿಸಿದ್ದು ಸೈಕಲ್. ಅದೂ ಸವಾರಿಯೇ.

ಏಪ್ರಿಲ್ 4

ಒಡತಿ ಓಟದ ಮೈದಾನದ ಗ್ಯಾಲರಿಗೆ ಪಾಸ್ ಕೊಟ್ಟಳು. ಮುಂದಿನ ಸಾಲು! ಎದೆ ಉಬ್ಬಿಸಿಕೊಂಡು ಅಕ್ಕನ ಮನೆಗೆ ಹೋದೆ. ಅಕ್ಕ ಹೊಲಿಗೆ ಮಷಿನ್ ಮುಂದೆ, ಮಗಳಿಗೊಂದು ಅಂಗಿ ಹೊಲಿಯುತ್ತಿದ್ದಳು. ಹೋದ ವರ್ಷ ಹುಡುಗಿ ಅಭ್ಯಾಸದಲ್ಲಿ ಬಿದ್ದು ಭುಜದ ಮೂಳೆ ಮುರಿದುಕೊಂಡಳು. ಅಂದಿನಿಂದ ಅಕ್ಕನ ಬಾಯಲ್ಲಿ ಕುದುರೆ ಎಂಬ ಮಾತೇ ಇಲ್ಲ.

"ಓಟದ ದಿನ ನೀನು ಇಲ್ಲಿ ಬಂದು ಕೂತ್ಕೋ," ಎಂದಳು.

"ಅಕ್ಕಾ, ಪಾಸು..."

"ಪಾಸು ಹಾಳಾಗ್ಲಿ. ಒಬ್ಬಳೇ ಇರೋಕಾಗಲ್ಲ ಕಣೋ."

ಪಾಸನ್ನು ಜೇಬಿಗೆ ತುರುಕಿದೆ. ಎದ್ದು ಬಂದೆ.

ಏಪ್ರಿಲ್ 9

ನಾಲ್ಕು ದಿನ ಬರೆಯಲಾಗಲಿಲ್ಲ. ಸೊಂಟ ಬಿದ್ದುಹೋಗಿದೆ. ಕಣ್ಣು ಮುಚ್ಚಿದರೂ ಗರಿ. ಹಳ್ಳಿ ಶಾಲೆಯ ಮೇಷ್ಟ್ರು ಮುತ್ತು ಎಂದು ಹೊಗಳಿದ ಅಕ್ಷರ ಇಂದು ಜೋಲಿ ಹೊಡೆಯುತ್ತಿದೆ.

ಹುಡುಗಿ ಫೋನ್ ಮಾಡಿದ್ದಳು. "ಮಾಮಾ, ಕೊನೇ ತಿರುವಲ್ಲಿ ನನ್ನ ಕಣ್ಣಿಗೆ ಬೀಳೋ ಹಾಗೆ ನಿಂತ್ಕೋ. ಭಯ ಆಗ್ತಿದೆ."

"ನನ್ನ ಟೋಪಿ ನೋಡಿ ಕುದುರೆಗೇ ಧೈರ್ಯ ಬರುತ್ತೆ, ಹೋಗೇ!"

ಇರುವುದು ಒಂದೇ ದೇಹ. ಎರಡು ಕಡೆ ಹೇಗೆ ಹಂಚಲಿ?

ಏಪ್ರಿಲ್ 10, ರಾತ್ರಿ

ಟೋಪಿ ಏರಿಸಿ ಬಸ್ ಹತ್ತಿದೆ. ಪಾಸು ಜೇಬಿನಲ್ಲಿ. ಅಕ್ಕನ ಮನೆಯ ಸ್ಟಾಪ್ ಬಂತು... ಇಳಿದುಬಿಟ್ಟೆ.

ಓಟದ ಹೊತ್ತಿಗೆ ದೇಶಕ್ಕೆ ದೇಶವೇ ನಿಲ್ಲುತ್ತದೆ. ಬಸ್ಸು ರಸ್ತೆಬದಿಗೆ. ಹಲ್ಲಿನ ಡಾಕ್ಟರು ರೋಗಿಯ ಬಾಯಿ ತೆರೆದೇ ಬಿಟ್ಟು ಟೀವಿಗೆ ಓಡುತ್ತಾನೆ. ಬೀದಿ ಗಪ್‌ಚಿಪ್. ಆ ಮೌನ ಕಿವಿಗೆ ಬೀಳಬಾರದೆಂದು ಅಕ್ಕ ಮಷಿನ್ ತುಳಿಯುತ್ತಲೇ ಇದ್ದಳು. ತಟ್ಟನೆ ಅವಳ ಕಾಲು ನಿಂತಿತು. ಪಕ್ಕದ ಮನೆಯ ಟೀವಿಯ ಸದ್ದು ಗೋಡೆ ದಾಟಿ ಬಂತು.

"ನನ್ನ ಕೈಲಾಗಲ್ಲ. ನೀನು ತುಳಿಯೋ!"

ಕೂತೆ. ಕಣ್ಣು ಮುಚ್ಚಿ, ಮಷಿನ್ನಿನ ಮೇಲಿದ್ದ ಅಂಗಿಯನ್ನು ಸಿಕ್ಕಂತೆ ತಳ್ಳುತ್ತ ತುಳಿದೆ. ಬೀದಿಯೆಲ್ಲ ಒಮ್ಮೆಲೇ 'ಓ' ಎಂದಿತು. ಯಾರೋ ಗೆದ್ದದ್ದಕ್ಕೋ, ಯಾರೋ ಬಿದ್ದದ್ದಕ್ಕೋ... ಇನ್ನೂ ಜೋರಾಗಿ ತುಳಿದೆ. ಅಕ್ಕ ನನ್ನ ಭುಜ ಹಿಂಡುತ್ತಿದ್ದಳು.

ಫೋನ್. ಹುಡುಗಿಯೇ. ಹಿಂದಿನಿಂದ ಎರಡನೆಯವಳಂತೆ. ಮೂಳೆಗಳೆಲ್ಲ ಇದ್ದಲ್ಲೇ ಇವೆಯಂತೆ. ಅಕ್ಕ ನೆಲದ ಮೇಲೆ ಕೂತುಬಿಟ್ಟಳು.

ಹುಡುಗಿ ಮನೆಗೆ ಬಂದು ಮೈತೊಳೆದು ಹೊಸ ಅಂಗಿ ಹಾಕಿಕೊಂಡರೆ, ಕೈ ಒಳಗೇ ಹೋಗದು. ತೋಳಿನ ಎರಡು ಪದರವನ್ನೂ ಸೇರಿಸಿ ಹೊಲಿದುಬಿಟ್ಟಿದ್ದೇನೆ!

"ಕೊನೇ ತಿರುವಲ್ಲಿ ಹುಡುಕ್ದೆ ಮಾಮಾ. ಎಲ್ಲಿದ್ದೆ?"

ನಾನು ಟೋಪಿಯ ಅಂಚು ಸರಿಮಾಡತೊಡಗಿದೆ. ಅಕ್ಕ ಆ ತೋಳನ್ನು ಎತ್ತಿ ತೋರಿಸಿದಳು.

"ಇಲ್ಲಿದ್ದ. ನಿನ್ನ ಕುದುರೆಗಿಂತ ಜೋರಾಗಿ ಓಡ್ತಿದ್ದ."

ಕುದುರೆ ಎಂದಳು, ಅಕ್ಕ.

ಏಪ್ರಿಲ್ 11, ಬೆಳಿಗ್ಗೆ

ಕಾಲು ಮೇಲೇಳುತ್ತಿಲ್ಲ. ಅಂಗಡಿಯಲ್ಲಿ ಎಲ್ಲರೂ ಕೇಳುತ್ತಾರೆ, ಓಟ ಹೇಗಿತ್ತು ಎಂದು. ಅವರಿಗೆ ಹೇಳಬೇಕಾದ್ದನ್ನು ಇಲ್ಲೇ ಒಮ್ಮೆ ಬರೆದು ನೋಡೋಣ — ಮುಂದಿನ ಸಾಲಿನಲ್ಲಿ ನಾನು. ಕೊನೆಯ ತಿರುವು. ಟೋಪಿ ತೆಗೆದು ಬೀಸಿದೆ. ನಮ್ಮ ಹುಡುಗಿ ನನ್ನ ಕಡೆ ತಿರುಗಿ... ಇಲ್ಲ, ಪೆನ್ನು ಮುಂದೆ ಓಡುತ್ತಿಲ್ಲ.